ಜಗಲಿಯ ಮೇಲೆ ಕಲಿತ ಸಂಶೋಧನೆ

ಕುದೂರು ಹೋಬಳಿಯ ಹಳ್ಳಿಗಳಿಗೆ ಪ್ರಶ್ನಾವಳಿ ಹಿಡಿದು ಬರುವ ಹುಡುಗಿಯರನ್ನು ಕಂಡರೆ ನನಗೆ ಬಲು ಅಕ್ಕರೆ. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ, ಸಮಾಜಕಾರ್ಯ ವಿಭಾಗಗಳಿಂದ ಬರುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕ್ಲಿಪ್ ಹಾಕಿದ ರಟ್ಟು, ಅದರ ಮೇಲೆ ಮೂವತ್ತೋ ನಲವತ್ತೋ ಪ್ರಶ್ನೆ. ಇದೇ ಮಾಗಡಿ ಸೀಮೆಯಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನ್ನನ್ನು ಊರಿನವರು ಈಗಲೂ ಸಿಸ್ಟರಮ್ಮ ಎಂದೇ ಕರೆಯುತ್ತಾರೆ. ಹಾಗಾಗಿ ಈ ಹುಡುಗಿಯರ ಜೊತೆ ಮನೆಮನೆಗೆ ಹೋಗಲು ನನಗೂ ಕರೆ ಬರುತ್ತದೆ. ನಡೆಯುತ್ತಾ ಅವರ ಪಾಠಗಳ ಬಗ್ಗೆ ಕೇಳುತ್ತೇನೆ. ಮಾದರಿ ಆಯ್ಕೆ, ಹೋಲಿಕೆಯ ಗುಂಪು, ಪಕ್ಷಪಾತ, ಒಪ್ಪಿಗೆ ಪತ್ರ ಎಲ್ಲವೂ ಬಾಯಿಪಾಠ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಹೃದ್ರೋಗದ ಅಧ್ಯಯನ ಗೊತ್ತು, ಇಂಗ್ಲೆಂಡಿನ ವೈದ್ಯರ ಸಿಗರೇಟಿನ ಅಧ್ಯಯನವೂ ಗೊತ್ತು. ಇಲ್ಲಿಂದ ಒಂದೆರಡು ಗಂಟೆಯ ಬಸ್ ಪ್ರಯಾಣದೊಳಗೆ ನಡೆದ, ಜಗತ್ತಿನ ವೈದ್ಯರೆಲ್ಲ ಓದಿದ ಅಧ್ಯಯನಗಳ ಹೆಸರು ಮಾತ್ರ ಕೇಳಿಲ್ಲ. ರಾಮನಗರದ ಮಣಿಸರದ ಕತೆ ಗೊತ್ತಿಲ್ಲ. ತುಮಕೂರಿನ ಕೆಮ್ಮಿನ ಲೆಕ್ಕ ಗೊತ್ತಿಲ್ಲ.

ಇದು ನನಗೆ ನೋವಿನ ಸಂಗತಿ. ಆರೋಗ್ಯದ ವಿಚಾರವಾಗಿ ಜನರನ್ನು ಹೇಗೆ ಕೇಳಬೇಕು, ಕೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿದ್ಯೆಯ ಒಂದು ದೊಡ್ಡ ಪಾಲು ನಮ್ಮ ಈ ಕಲ್ಲುಬಂಡೆಯ ಸೀಮೆಯಲ್ಲೇ, ನಮ್ಮ ಅಜ್ಜಿ ಮುತ್ತಜ್ಜಿಯರ ಜಗಲಿಗಳ ಮೇಲೆ ಕುಳಿತು ಕಲಿತದ್ದು. ಕಲಿತವರಲ್ಲಿ ದೊಡ್ಡ ಡಾಕ್ಟರುಗಳೂ ಇದ್ದರು, ಹೆಸರೇ ಉಳಿಯದ ದಾದಿಯರೂ ಗಣತಿದಾರರೂ ಇದ್ದರು.

ಕುದೂರು ಇರುವ ಜಾಗವೇ ಹಾಗೆ. ದಕ್ಷಿಣಕ್ಕೆ ಮಾಗಡಿ, ಅದರಾಚೆ ರಾಮನಗರ, ಪಶ್ಚಿಮಕ್ಕೆ ಕುಣಿಗಲ್, ಉತ್ತರಕ್ಕೆ ತುಮಕೂರು, ಪೂರ್ವಕ್ಕೆ ನೆಲಮಂಗಲ ದಾಟಿದರೆ ಬೆಂಗಳೂರು. ಊರ ಹತ್ತಿರ ಭೈರವನದುರ್ಗ ನಿಂತಿದೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ರಿಜಿಸ್ಟರಿನ ತಲೆಬರಹದಲ್ಲಿ ಬೆಂಗಳೂರು ಜಿಲ್ಲೆ ಎಂದಿತ್ತು. 1986ರಲ್ಲಿ ಅದು ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು. ಹಳೆಯ ವರದಿಗಳಲ್ಲಿ ಬೆಂಗಳೂರು ಜಿಲ್ಲೆಯ ಹಳ್ಳಿಗಳು ಎಂಬ ಮಾತು ಬಂದಾಗ ನೆನಪಿಡಬೇಕಾದದ್ದು ಇದು. ಆಗ ನಮ್ಮ ಮಾಗಡಿ, ಚನ್ನಪಟ್ಟಣ, ಕನಕಪುರ, ರಾಮನಗರ ಎಲ್ಲವೂ ಅದರೊಳಗೇ ಇದ್ದವು.

ನಮ್ಮ ಸೀಮೆಯನ್ನು ಮೊದಲು ಕೇಳಿ ಕೇಳಿ ಬರೆದುಕೊಂಡವನು ಬಹುಶಃ ಫ್ರಾನ್ಸಿಸ್ ಬುಕಾನನ್. ಅವನೂ ವೈದ್ಯನೇ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಚನ್ನಪಟ್ಟಣ, ರಾಮಗಿರಿ, ಸಾವನದುರ್ಗ, ಮಾಗಡಿ ಎಲ್ಲವನ್ನೂ ಕಂಡ. ಯಾವ ಹೊಲಕ್ಕೆ ಎಷ್ಟು ಬೀಜ, ವಾದ್ಯದ ತಂತಿ ಎಳೆಯುವವನ ಕಸುಬು ಹೇಗೆ, ಯಾವ ಜಾತಿಯ ಮದುವೆ ಹೇಗೆ ಎಂದು ವಿಚಾರಿಸಿ ಬರೆದ. 1807ರಲ್ಲಿ ಅದು ಮೂರು ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ಕೇಳಿದವನ ಹಿಂದೆ ಕಂಪನಿಯ ಅಧಿಕಾರವಿತ್ತು, ನಡುವೆ ದುಭಾಷಿ ಇದ್ದ. ಸರ್ಕಾರದ ಮನುಷ್ಯ ಬಂದು ನಿಮ್ಮ ಹೊಲದಲ್ಲಿ ಎಷ್ಟು ಬೆಳೆಯುತ್ತೆ ಎಂದು ಕೇಳಿದರೆ ಯಾವ ರೈತ ಪೂರ್ತಿ ಹೇಳಿಯಾನು? ಕೇಳುವವನು ಯಾರ ಪರವಾಗಿ ಬಂದಿದ್ದಾನೆ ಎಂಬುದು ಉತ್ತರದೊಳಗೇ ಸೇರಿಕೊಂಡುಬಿಡುತ್ತದೆ. ಎರಡು ಶತಮಾನ ಕಳೆದ ಮೇಲೂ, ರೇಷನ್ ಕಾರ್ಡಿನ ಬಣ್ಣ ಕೇಳಿದಾಗ ನನಗೆ ಸಿಕ್ಕ ಉತ್ತರಗಳಲ್ಲಿ ಅದು ಇತ್ತು.

ಆರೋಗ್ಯಕ್ಕೆಂದೇ ಮನೆಮನೆ ವಿಚಾರಣೆ ಇಲ್ಲಿಗೆ ಬಂದದ್ದು ಮೈಸೂರು ಮಹಾರಾಜರ ಕಾಲದಲ್ಲಿ. 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮೈಸೂರು ಸರ್ಕಾರದ ಜೊತೆ ಕೈಗೂಡಿಸಿತು. ಡಬ್ಲ್ಯು. ಸಿ. ಸ್ವೀಟ್ ಎಂಬ ವೈದ್ಯ ಬಂದ. ಕೊಕ್ಕೆಹುಳು, ಮಲೇರಿಯಾಗಳ ಸಮೀಕ್ಷೆ ನಡೆಯಿತು. ಬಿ. ಅನಂತಸ್ವಾಮಿ ರಾವ್ ಅವರಂಥ ನಮ್ಮವರು ಸೊಳ್ಳೆ ಹಿಡಿದು, ಕೊಯ್ದು, ಯಾವ ಜಾತಿಯದು ಜ್ವರ ಹೊರುತ್ತದೆ ಎಂದು ಗುರುತಿಸುವ ಕೆಲಸಕ್ಕೆ ಕೈಹಾಕಿದರು. 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ಶುರುವಾಯಿತು. ಮುಂದಿನ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲೂ ಅಂಥದೇ ಘಟಕ ಬಂತು. ಅಲ್ಲಿ ಸಿಬ್ಬಂದಿಗೆ ತರಬೇತಿಯೂ ಇತ್ತು. ಬ್ರಿಟಿಷರ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನ ಆ ಕ್ಲೋಸ್‌ಪೇಟೆಯೇ ಈಗಿನ ರಾಮನಗರ. ಒಂದು ಊರು, ಅದರ ಸುತ್ತಿನ ಹಳ್ಳಿಗಳು, ಅಲ್ಲಿನ ಪ್ರತಿ ಮನೆಯ ಹುಟ್ಟು, ಸಾವು, ನೀರು, ಕಕ್ಕಸು ಎಲ್ಲದರ ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವ ಪದ್ಧತಿ ಅಲ್ಲಿ ಬೇರುಬಿಟ್ಟಿತು. ನಾವು ಮುಂದೆ ಹೊತ್ತು ತಿರುಗಿದ ರಿಜಿಸ್ಟರುಗಳ ಮೂಲ ಅಲ್ಲಿದೆ.

ಆ ಪದ್ಧತಿ ಬೇರೂರಿದ್ದ ಊರೆಂದೇ ಇರಬೇಕು, ಸ್ವಾತಂತ್ರ್ಯ ಬಂದ ಮೇಲೆ ದೇಶದ ಒಂದು ದೊಡ್ಡ ಪ್ರಯೋಗ ರಾಮನಗರಕ್ಕೆ ಬಂತು. ಆಗ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯ ಶಿಷ್ಯೆ. ಮಕ್ಕಳ ಅಂತರಕ್ಕೆ ಔಷಧ, ಸಾಧನ ಬಳಸುವುದು ಅವರಿಗೆ ಒಗ್ಗದ ಮಾತು. ತಿಂಗಳಲ್ಲಿ ಗರ್ಭ ನಿಲ್ಲದ ದಿನಗಳನ್ನು ಲೆಕ್ಕ ಹಾಕಿ ನಡೆದುಕೊಳ್ಳುವ ಪದ್ಧತಿ ಮಾತ್ರ ಒಪ್ಪಿಗೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. 1951ರಲ್ಲಿ ನ್ಯೂಯಾರ್ಕಿನ ಡಾ. ಅಬ್ರಹಾಂ ಸ್ಟೋನ್ ಬಂದರು. 1952ರಿಂದ 1954ರವರೆಗೆ ಎರಡು ಕಡೆ ಪ್ರಯೋಗ ನಡೆಯಿತು. ಒಂದು ದೆಹಲಿಯ ಲೋದಿ ಕಾಲೊನಿ, ಸರ್ಕಾರಿ ನೌಕರರ ವಸತಿ. ಇನ್ನೊಂದು ನಮ್ಮ ರಾಮನಗರ ಮತ್ತು ಅದರ ಸುತ್ತಿನ ಹಳ್ಳಿಗಳು.

ಪದ್ಧತಿ ಹೇಳುವುದಕ್ಕೆ ಸುಲಭ. ಒಬ್ಬ ಹೆಂಗಸಿನ ಕೆಲವು ತಿಂಗಳ ಮುಟ್ಟಿನ ದಿನಗಳನ್ನು ಬರೆದುಕೊಂಡು ಅತಿ ಚಿಕ್ಕ ಸುತ್ತು, ಅತಿ ದೊಡ್ಡ ಸುತ್ತು ಕಂಡುಹಿಡಿದು, ಅವಳಿಗೆ ಯಾವ ದಿನ ಎಚ್ಚರಿಕೆಯದು ಎಂದು ಗುರುತು ಹಾಕಿಕೊಡಬೇಕು. ಆದರೆ ಆ ಬರೆದುಕೊಳ್ಳುವ ಕೆಲಸವಿದೆಯಲ್ಲ, ಅದನ್ನು ಮಾಡಿದವರಿಗೇ ಗೊತ್ತು. ಹೊರಗಿನಿಂದ ಬಂದವಳೊಬ್ಬಳು, ಅತ್ತೆ ಒಳಗೆ ರಾಗಿ ಬೀಸುತ್ತಿರುವಾಗ, ಸೊಸೆಯನ್ನು ಕರೆದು ಕಳೆದ ತಿಂಗಳು ಯಾವ ದಿನ ಹೊರಗಾದೆ ಎಂದು ಕೇಳಬೇಕು. ಗಂಡನ ಜೊತೆ ಮಲಗಿದ ದಿನದ ಮಾತೂ ಬಂದೇ ಬರುತ್ತದೆ. ಇಸವಿ ತಾರೀಖುಗಳ ಕ್ಯಾಲೆಂಡರ್ ಮನೆಯಲ್ಲಿಲ್ಲ. ಉತ್ತರ ಬರುವುದು ಹುಣ್ಣಿಮೆ ಕಳೆದು ಮೂರನೇ ದಿನ, ಸಂತೆಯ ಹಿಂದಿನ ದಿನ ಎಂದು.

ಲೆಕ್ಕ ಇಟ್ಟುಕೊಳ್ಳಲು ಸ್ಟೋನ್ ಒಂದು ಮಣಿಸರ ಯೋಚಿಸಿದ್ದರು. ಇಪ್ಪತ್ತೆಂಟು ಮಣಿ. ಮುಟ್ಟಿನ ದಿನಗಳಿಗೆ ಒಂದು ಬಣ್ಣ, ಭಯವಿಲ್ಲದ ದಿನಗಳಿಗೆ ಹಸಿರು, ಎಚ್ಚರಿಕೆಯ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಸರಿಸುತ್ತ ಹೋದರೆ ಓದುಬರಹ ಬಾರದವಳಿಗೂ ಗೊತ್ತಾಗಬೇಕು. ಕೇಳಿದರೆ ಎಷ್ಟು ಚೆಂದದ ಉಪಾಯ! ಹಳ್ಳಿಗೆ ಹೋದಾಗ ಬೇರೆ ಸಂಗತಿಗಳು ಎದುರಾದವು. ಕತ್ತಲ ಮನೆಯಲ್ಲಿ ಕೆಂಪು ಯಾವುದು ಹಸಿರು ಯಾವುದು ಕಾಣದು. ಹಾಗಾಗಿ ಕೈಗೆ ತಿಳಿಯುವಂತೆ ಬೇರೆ ಬೇರೆ ಆಕಾರದ ಮಣಿ ಬೇಕಾಯಿತು. ಹಾಕಿಕೊಂಡು ಹೊರಗೆ ಬಂದರೆ ಊರಿಗೆಲ್ಲ ಅವಳ ಗುಟ್ಟು ಗೊತ್ತಾಗುತ್ತದೆ. ಆ ನಾಚಿಕೆಗೆ ಸರ ಪೆಟ್ಟಿಗೆ ಸೇರಿತು. ಕೆಲವರು ಅದನ್ನು ತಾಯಿತದಂತೆ ಭಾವಿಸಿದರು, ಹಾಕಿಕೊಂಡರೆ ಸಾಕು ಕಾಪಾಡುತ್ತದೆ ಎಂದು. ಕಲಿಯಲು ಒಪ್ಪಿದವರು ಬಹಳ ಮಂದಿ, ಕೊನೆಯತನಕ ಹಾಗೇ ನಡೆದುಕೊಂಡವರು ತೀರ ಕಡಿಮೆ. ಪ್ರಯೋಗ ಸೋತಿತು ಎಂದು ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾರೆ.

ನನಗೆ ಆ ಒಂದು ಸಾಲು ಸಾಲದು. ರಾಮನಗರದಿಂದ ತಿಳಿದುಬಂದದ್ದನ್ನು ಈ ಹುಡುಗಿಯರಿಗೆ ಬಿಡಿಸಿ ಹೇಳುತ್ತೇನೆ. ಮಕ್ಕಳ ಅಂತರದ ಬಗ್ಗೆ ತಿಳಿಯಬೇಕೆಂಬ ಆಸೆ ಹಳ್ಳಿಯ ಹೆಂಗಸರಿಗೆ ಇತ್ತು. ಅದನ್ನು ಬೇಡವೆಂದವರು ಅವರಲ್ಲ. ಬೇಕು ಎಂದು ಹೇಳುವುದಕ್ಕೂ ಮಾಡಿ ತೋರಿಸುವುದಕ್ಕೂ ನಡುವೆ ಗಂಡನಿದ್ದಾನೆ, ಅತ್ತೆ ಇದ್ದಾಳೆ, ಒಂದೇ ಅಂಕಣದ ಮನೆ ಇದೆ, ದೀಪವಿಲ್ಲದ ರಾತ್ರಿ ಇದೆ. ಪ್ರಶ್ನಾವಳಿಯಲ್ಲಿ ಹೌದು ಎಂದು ಗುರುತು ಹಾಕಿದರೆ ಅದು ನಡವಳಿಕೆಯಾಗಲಿಲ್ಲ. ಈಗಿನ ನರ್ಸಿಂಗ್ ಪ್ರಬಂಧಗಳಲ್ಲಿ ಪಾಠಕ್ಕೆ ಮೊದಲು ಒಂದು ಪರೀಕ್ಷೆ, ಪಾಠದ ನಂತರ ಒಂದು ಪರೀಕ್ಷೆ ಮಾಡಿ, ಅಂಕ ಹೆಚ್ಚಾಯಿತು, ಆದ್ದರಿಂದ ಕಾರ್ಯಕ್ರಮ ಫಲಕಾರಿ ಎಂದು ಬರೆಯುವುದುಂಟು. ಏಳು ದಿನದ ನಂತರ ನೆನಪಿರುವ ಉತ್ತರವನ್ನು ಅಳೆದು ಬದುಕು ಬದಲಾಯಿತು ಎನ್ನುವಂತಿಲ್ಲ. ಇದನ್ನು ಕಲಿಯಲು ಹೊರದೇಶದ ಪುಸ್ತಕ ತೆರೆಯಬೇಕಾಗಿಲ್ಲ, ಮಾಗಡಿ ದಾಟಿ ರಾಮನಗರದವರೆಗೆ ಹೋದರೆ ಸಾಕು.

ಅದೇ ಹೊತ್ತಿಗೆ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದವು. ಬೆಂಗಳೂರು ನಗರವನ್ನೂ ಸಂಸ್ಥಾನದ ಬಯಲು, ಮಲೆನಾಡಿನ ಹಳ್ಳಿಗಳನ್ನೂ ಆಯ್ದುಕೊಂಡು ಹೆಂಗಸರ ಹೆರಿಗೆಯ ಇತಿಹಾಸ ಕೇಳಿದರು. ವರದಿ ಅಚ್ಚಾದದ್ದು 1961ರಲ್ಲಿ. ಪೇಟೆಯ ಹೆಂಗಸರು ಹಳ್ಳಿಯವರಿಗಿಂತ ಕಡಿಮೆ ಹೆರುತ್ತಾರೆ ಎಂದು ಎಲ್ಲರೂ ನಂಬಿದ್ದರು. ಅಂಥ ದೊಡ್ಡ ವ್ಯತ್ಯಾಸ ಇಲ್ಲಿ ಕಾಣಲಿಲ್ಲ. ಈ ಅಧ್ಯಯನದ ಜೊತೆಗೂ ರಾಮನಗರದ ಪ್ರಯೋಗದ ಜೊತೆಗೂ ಕೇಳಿಬರುವ ಹೆಸರು ಸಿ. ಚಂದ್ರಶೇಖರನ್ ಅವರದು. ಸಂಖ್ಯಾಶಾಸ್ತ್ರಜ್ಞರು. 1949ರಲ್ಲಿ ಎಡ್ವರ್ಡ್ಸ್ ಡೆಮಿಂಗ್ ಜೊತೆ ಸೇರಿ ಬರೆದ ಒಂದು ಲೇಖನದಿಂದ ಅವರು ಜಗತ್ತಿನ ಜನಸಂಖ್ಯಾ ಶಾಸ್ತ್ರಕ್ಕೆಲ್ಲ ಪರಿಚಿತರು. ಬಂಗಾಳದ ಸಿಂಗೂರ್ ಆರೋಗ್ಯ ಕೇಂದ್ರದ ಲೆಕ್ಕ ಇಟ್ಟುಕೊಂಡು ಬರೆದದ್ದು. ಆ ಲೇಖನದ ಉಪಾಯ ನನಗೆ ಅರ್ಥವಾದ ದಿನ ಬಹಳ ಸಂತೋಷಪಟ್ಟೆ, ಏಕೆಂದರೆ ಅದು ನಮ್ಮ ದಿನನಿತ್ಯದ ತಲೆನೋವಿಗೆ ಮದ್ದು.

ತಲೆನೋವು ಏನೆಂದರೆ, ಹುಟ್ಟಿದ ಮಕ್ಕಳೆಲ್ಲ ಪುಸ್ತಕಕ್ಕೆ ಬರುವುದಿಲ್ಲ. ಹಿಂದೆ ಪಟೇಲರು ಹುಟ್ಟು ಸಾವು ಬರೆಸುತ್ತಿದ್ದರು, ಆಮೇಲೆ ಗ್ರಾಮ ಲೆಕ್ಕಿಗರು. ನಾವು ನಮ್ಮ ಪಾಡಿಗೆ ಮನೆಮನೆ ಹೋಗಿ ಬರೆಯುತ್ತಿದ್ದೆವು. ಎರಡು ಪಟ್ಟಿ ಎಂದೂ ತಾಳೆಯಾಗುತ್ತಿರಲಿಲ್ಲ. ಒಂದು ಸುಳ್ಳು, ಇನ್ನೊಂದು ನಿಜ ಎಂದು ಮೇಲಿನವರು ವಾದ ಹೂಡುತ್ತಿದ್ದರು. ಚಂದ್ರಶೇಖರನ್ ಹೇಳುವುದು, ಎರಡನ್ನೂ ಇಟ್ಟುಕೊಳ್ಳಿ, ಎರಡರಲ್ಲೂ ತಪ್ಪಿದ ಮಕ್ಕಳನ್ನೂ ಲೆಕ್ಕ ಹಾಕಬಹುದು. ಒಂದು ಊರೆಂದುಕೊಳ್ಳೋಣ. ಎರಡು ಪಟ್ಟಿಯಲ್ಲೂ ಇರುವ ಮಕ್ಕಳು 40. ಗ್ರಾಮದ ಪುಸ್ತಕದಲ್ಲಿ ಮಾತ್ರ ಇರುವವು 10. ನರ್ಸಿನ ಪಟ್ಟಿಯಲ್ಲಿ ಮಾತ್ರ ಇರುವವು 20. ಹತ್ತನ್ನು ಇಪ್ಪತ್ತರಿಂದ ಗುಣಿಸಿ ನಲವತ್ತರಿಂದ ಭಾಗಿಸಿದರೆ 5 ಬರುತ್ತದೆ. ಯಾರ ಕಣ್ಣಿಗೂ ಬೀಳದೆ ಹೋದ ಮಕ್ಕಳು ಸುಮಾರು ಐದು. ಒಟ್ಟು 75. ಆದರೆ ಇದಕ್ಕೊಂದು ಕರಾರು ಇದೆ. ಎರಡು ಪಟ್ಟಿಗಳು ಒಂದನ್ನೊಂದು ನೋಡಿ ಬರೆದವಾಗಿರಬಾರದು. ಸಂಜೆ ಟೀ ಅಂಗಡಿಯಲ್ಲಿ ಕುಳಿತು ಲೆಕ್ಕಿಗರ ಪುಸ್ತಕದಿಂದ ನರ್ಸಮ್ಮ ಇಳಿಸಿಕೊಂಡರೆ ಲೆಕ್ಕ ತಾಳೆಯಾಗುತ್ತದೆ, ಆದರೆ ಆ ಐದು ಮಕ್ಕಳು ಎಂದೆಂದಿಗೂ ಕಾಣೆಯಾಗುತ್ತಾರೆ. ದೇಶದ ಮಾದರಿ ನೋಂದಣಿ ವ್ಯವಸ್ಥೆಯೂ 1960ರ ದಶಕದಿಂದ ಇದೇ ಎರಡು ಕಣ್ಣಿನ ನೋಟದ ಮೇಲೆ ನಿಂತಿದೆ. ಒಬ್ಬರು ವರ್ಷವಿಡೀ ಬರೆಯುತ್ತಾರೆ, ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಬಂದು ಬೇರೆಯಾಗಿ ಬರೆಯುತ್ತಾರೆ, ಆಮೇಲೆ ತಾಳೆ ನೋಡುತ್ತಾರೆ.

ಇನ್ನು ವಯಸ್ಸು. ಮಗುವಿನ ವಯಸ್ಸು ತಿಂಗಳ ಲೆಕ್ಕದಲ್ಲಿ ಸರಿಯಾಗಿ ಗೊತ್ತಿಲ್ಲದಿದ್ದರೆ ತೂಕ ಹಾಕಿದ್ದೂ ವ್ಯರ್ಥ. ಅಂಗನವಾಡಿಯ ತಕ್ಕಡಿ ಎಷ್ಟೇ ಸರಿಯಿದ್ದರೂ ಹದಿನಾಲ್ಕು ತಿಂಗಳ ಮಗುವನ್ನು ಹತ್ತು ತಿಂಗಳದ್ದೆಂದು ಬರೆದರೆ ಸೊರಗಿದ ಕೂಸು ಪುಸ್ತಕದಲ್ಲಿ ದಷ್ಟಪುಷ್ಟವಾಗಿ ಕಾಣುತ್ತದೆ. ಇದಕ್ಕೆ ಊರಿನ ಪಂಚಾಂಗ ಬೇಕು. ತಿಂಗಳಿಗೆ ಯುಗಾದಿ, ಮಾವಿನ ಕಾಲ, ಗೌರಿ ಹಬ್ಬ, ರಾಗಿ ಕೊಯ್ಲು, ಅವರೆಕಾಯಿ ಕಾಲ. ವರ್ಷಕ್ಕೆ ದೊಡ್ಡ ಸಂಗತಿಗಳು. ಗಾಂಧಿ ಸತ್ತದ್ದು 1948. ರಾಮದೇವರ ಬೆಟ್ಟದಲ್ಲಿ ಶೋಲೆ ಸಿನಿಮಾ ತೆಗೆದದ್ದು 1973ರಿಂದ ಈಚೆಗೆ. ಇಂದಿರಮ್ಮ ಸತ್ತದ್ದು 1984. ರಾಜಕುಮಾರರನ್ನು ವೀರಪ್ಪನ್ ಹೊತ್ತುಕೊಂಡು ಹೋದದ್ದು 2000. ಚಿಕೂನ್‌ಗುನ್ಯಾದಲ್ಲಿ ಊರಿಗೂರೇ ಕೀಲು ಹಿಡಿದು ಮಲಗಿದ್ದು 2006. ನಮ್ಮ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದದ್ದು 2019ರ ಜನವರಿ. ನಿನ್ನ ದೊಡ್ಡ ಮಗ ಆಗ ಹೊಟ್ಟೆಯಲ್ಲಿದ್ದನೋ, ಅಂಬೆಗಾಲಿಡುತ್ತಿದ್ದನೋ, ಶಾಲೆಗೆ ಹೋಗುತ್ತಿದ್ದನೋ ಎಂದು ಕೇಳಿದರೆ ಯಾವ ತಾಯಿಯೂ ತಡವರಿಸುವುದಿಲ್ಲ. ಸಂಶೋಧನೆಯ ಪುಸ್ತಕಗಳು ಇದನ್ನು ಒಂದು ವಿಧಾನವೆಂದು ಹೆಸರಿಟ್ಟು ವಿವರಿಸುತ್ತವೆ. ನಮ್ಮ ಹಿರಿಯ ದಾದಿಯರು ಅದನ್ನು ಹೆಸರಿಲ್ಲದೆಯೇ ನಮಗೆ ಕಲಿಸಿದ್ದರು.

ಈಗ ತುಮಕೂರಿನ ಕತೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದು ನಮ್ಮ ಸೀಮೆಯ ಅತಿ ದೊಡ್ಡ ಪಾಠ.

1959ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಕ್ಷಯ ಎಂದರೆ ಸ್ಯಾನಟೋರಿಯಂ, ಹಾಸಿಗೆ, ಎಕ್ಸ್‌ರೇ ಎಂದು ಎಲ್ಲರೂ ತಿಳಿದಿದ್ದ ಕಾಲ ಅದು. ಯುರೋಪಿನಂತೆ ಎಕ್ಸ್‌ರೇ ಗಾಡಿಗಳನ್ನು ಊರೂರಿಗೆ ಕಳಿಸಿ ಎಲ್ಲರ ಎದೆಯ ಚಿತ್ರ ತೆಗೆದು ರೋಗಿಗಳನ್ನು ಹುಡುಕಬೇಕು, ಹಳ್ಳಿಯ ಜನ ತಾವಾಗಿ ಆಸ್ಪತ್ರೆಗೆ ಬರುವವರಲ್ಲ ಎಂಬ ಮಾತು ಬಲವಾಗಿತ್ತು. ಸಂಸ್ಥೆಯಲ್ಲಿ ಡೆನ್ಮಾರ್ಕಿನ ಹಾಲ್ಫ್‌ಡನ್ ಮಾಹ್ಲರ್ ಇದ್ದರು, ಸ್ಟಿಗ್ ಆಂಡರ್ಸನ್ ಇದ್ದರು. ರಾಜ್ ನಾರಾಯಣ್ ಮತ್ತು ಅವರ ತಂಡ 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯರೋಗ ಎಷ್ಟಿದೆ ಎಂಬ ಸಮೀಕ್ಷೆ ಮಾಡಿತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಎಂಬ ತರುಣ ವೈದ್ಯ, ಆಂಡರ್ಸನ್ ಜೊತೆ ಸೇರಿ, ಬೇರೊಂದು ಪ್ರಶ್ನೆ ಎತ್ತಿದರು. ರೋಗವಿರುವವರಿಗೆ ತಮಗೆ ಏನೋ ಆಗಿದೆ ಎಂದು ಗೊತ್ತಿದೆಯೇ? ಗೊತ್ತಿದ್ದರೆ ಏನು ಮಾಡಿದರು?

ಅವರು ಕೇಳಿದ ರೀತಿಯನ್ನು ಗಮನಿಸಬೇಕು. ಸಮೀಕ್ಷೆಯಲ್ಲಿ ರೋಗ ಕಂಡುಬಂದವರನ್ನಷ್ಟೇ ಮಾತಾಡಿಸಲಿಲ್ಲ. ಅದೇ ಊರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ, ರೋಗವಿಲ್ಲದವರನ್ನೂ ಜೋಡಿ ಮಾಡಿ ಮಾತಾಡಿಸಿದರು. ಕೆಮ್ಮಿದೆಯೇ, ಜ್ವರವಿದೆಯೇ ಎಂದು ಬಾಯಿಗೆ ಉತ್ತರ ಇಡಲಿಲ್ಲ. ಹೇಗಿದ್ದೀರಿ, ಮೈಗೆ ಏನಾದರೂ ತೊಂದರೆಯೇ ಎಂದು ಆರಂಭಿಸಿ, ಅವರಾಗಿ ಹೇಳಿದ್ದನ್ನು ಹಿಡಿದು ಒಳಗೆ ಹೋಗುವ ಸಂದರ್ಶನ. ಈ ತಾಳ್ಮೆಯ ಬೆಲೆ ನನಗೆ ಗೊತ್ತು. ನಮ್ಮ ಕಡೆಯ ಜನ ಮನೆಗೆ ಬಂದವರ ಮನಸ್ಸು ನೋಯಿಸಲಾರರು. ಕೆಮ್ಮಿದೆಯೇ ಎಂದು ಕೇಳಿದರೆ, ಪಾಪ ಇಷ್ಟು ದೂರ ಬಂದಿದ್ದಾಳೆ ಎಂದು ಸ್ವಲ್ಪ ಐತವ್ವ ಎನ್ನುತ್ತಾರೆ. ಏನೂ ಇಲ್ಲವಲ್ಲ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಫದಲ್ಲಿ ರೋಗಾಣು ಇದ್ದವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಮೈಯ ತೊಂದರೆ ಅರಿವಿಗೆ ಬಂದಿತ್ತು. ಮುಕ್ಕಾಲಿನ ಹತ್ತಿರ ಜನ ಅದರಿಂದ ಚಿಂತೆಗೀಡಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಅದೂ ಆಸ್ಪತ್ರೆ, ಡಿಸ್ಪೆನ್ಸರಿಗಳಿಗೆ. ಅಲ್ಲಿ ಅವರಿಗೆ ಸಿಕ್ಕದ್ದು ಕೆಮ್ಮಿನ ಔಷಧದ ಶೀಷೆ. ಜನ ಬರುವುದಿಲ್ಲ ಎಂಬ ನಂಬಿಕೆ ಕುಸಿಯಿತು. ಜನ ಬಂದಿದ್ದರು, ಅವರನ್ನು ಗುರುತಿಸುವವರು ಬಾಗಿಲಲ್ಲಿ ಇರಲಿಲ್ಲ. ಕೋಟ್ಯಂತರ ರೂಪಾಯಿಯ ಎಕ್ಸ್‌ರೇ ಗಾಡಿಗಳ ಬದಲು ಹಳ್ಳಿಯ ಸಾಮಾನ್ಯ ಆಸ್ಪತ್ರೆಯಲ್ಲೇ ಒಂದು ಸೂಕ್ಷ್ಮದರ್ಶಕ ಇಟ್ಟು, ಬಿಡದ ಕೆಮ್ಮೆಂದು ಬಂದವರ ಕಫ ಪರೀಕ್ಷಿಸಿದರೆ ಸಾಕು ಎಂಬ ತಳಹದಿಯ ಮೇಲೆ, ಫಲಿತಾಂಶ ಅಚ್ಚಾಗುವ ಮೊದಲೇ, 1962ರಿಂದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತ್ತು. ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. ಎಲ್ಲರಿಗೂ ಆರೋಗ್ಯ ಎಂದ 1978ರ ಆಲ್ಮಾ ಆಟಾ ಘೋಷಣೆ ಅವರ ಕಾಲದ್ದು. ಬೆಂಗಳೂರಿನ ಆ ವರ್ಷಗಳು ಅವರ ಯೋಚನೆಯಲ್ಲಿ ಕೊನೆಯವರೆಗೂ ಇದ್ದಿರಬೇಕು ಎಂದು ನನ್ನ ಎಣಿಕೆ.

ಕುದೂರಿನಿಂದ ತುಮಕೂರು ಜಿಲ್ಲೆಯ ಗಡಿ ಹತ್ತಿರವೇ ಇದೆ. ಆ ರಾಗಿ ಹೊಲ, ಆ ಮಾತು, ಆ ಸಂಕೋಚ ಎಲ್ಲವೂ ನಮ್ಮವೇ. ಕಫದ ಡಬ್ಬಿ ಹಿಡಿದು ಊರೂರು ಅಲೆದ ವರ್ಷಗಳಲ್ಲಿ ನನಗೆ ಈ ಅಧ್ಯಯನದ ಬಗ್ಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ, ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ಸಭೆಗಳಲ್ಲಿ ಕೇಳಿಬರುತ್ತಿದ್ದ ಮಾತಿಗೆ ಎದ್ದು ನಿಂತು ಅಂಕಿಅಂಶದ ಉತ್ತರ ಕೊಡುತ್ತಿದ್ದೆ.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನವನ್ನು ಓದಿದಾಗ ಮಾತ್ರ ನನ್ನ ಕೈ ನಡುಗಿತು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಮತ್ತೆ ಮತ್ತೆ ಸಮೀಕ್ಷೆ ಮಾಡಿದರು. ವ್ಯವಸ್ಥಿತ ಚಿಕಿತ್ಸಾ ಕಾರ್ಯಕ್ರಮವಿಲ್ಲದ ಕಡೆ ಕ್ಷಯ ತಾನಾಗಿ ಯಾವ ದಾರಿ ಹಿಡಿಯುತ್ತದೆ ಎಂದು ತಿಳಿಯುವುದು ಉದ್ದೇಶ. ಮೊದಲ ಸುತ್ತಿನಲ್ಲಿ ಕಂಡ 126 ರೋಗಿಗಳಲ್ಲಿ ಐದು ವರ್ಷದ ಕೊನೆಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. ನೂರಕ್ಕೆ 18 ಮಂದಿ ಇನ್ನೂ ರೋಗಾಣು ಉಗುಳುತ್ತಿದ್ದರು. ಉಳಿದವರ ಕಫ ತಾನಾಗಿ ಶುದ್ಧವಾಗಿತ್ತು. ಜಗತ್ತಿನ ಕ್ಷಯರೋಗದ ಪುಸ್ತಕಗಳೆಲ್ಲ ಇಂದಿಗೂ ಈ ಸಂಖ್ಯೆಗಳನ್ನು ಎತ್ತಿ ಹೇಳುತ್ತವೆ. ಆ ಕಾಲದಲ್ಲಿ ದೇಶದ ಹಳ್ಳಿಗಳಿಗೆಲ್ಲ ಸಾಕಾಗುವಷ್ಟು ಔಷಧವೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ ಎಂಬುದು ನಿಜ. ಆದರೂ ಪ್ರತಿ ಸುತ್ತಿನಲ್ಲಿ ಅದೇ ಮನೆಗೆ ಹೋಗಿ, ಹಿಂದಿನ ಸಲ ಕಂಡಿದ್ದ ಮನುಷ್ಯ ಈಗಿಲ್ಲ ಎಂದು ಬರೆದುಕೊಂಡವರ ಮನಸ್ಸಿಗೆ ಏನಾಗಿರಬಹುದು! ಮನುಷ್ಯರ ಮೇಲಿನ ಸಂಶೋಧನೆಗೆ ನೀತಿಸಂಹಿತೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲ ಹೇಳಿಕೆ ಹೊರಡಿಸಿದ್ದು 1980ರಲ್ಲಿ. ಈಗಿನದು 2017ರದ್ದು. ಅದರ ಪ್ರಕಾರ ಹುಡುಗಿಯರು ಒಪ್ಪಿಗೆ ಪತ್ರ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳುತ್ತಾರೆ. ಗಡಿಬಿಡಿಯಲ್ಲಿ ಓದಿ ಮುಗಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಆ ಪತ್ರದ ಪ್ರತಿ ಸಾಲಿನ ಹಿಂದೆ ಇಂಥ ಮನೆಗಳಿವೆ.

ನನ್ನ ಕಾಲದ ಟಾರ್ಗೆಟ್ಟಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಅದು ಎಲ್ಲರಿಗೂ ಗೊತ್ತಿರುವುದೇ. ಇಷ್ಟು ಆಪರೇಷನ್ ಕೇಸು, ಇಷ್ಟು ಕಾಪರ್ ಟಿ, ಇಷ್ಟು ಮಾತ್ರೆ ಎಂದು ಪ್ರತಿಯೊಬ್ಬ ಸಹಾಯಕಿಯ ತಲೆಗೆ ಸಂಖ್ಯೆ ಕಟ್ಟುತ್ತಿದ್ದರು. ಮುಟ್ಟದವರ ಸಂಬಳಕ್ಕೆ ಕುತ್ತು. 1996ರ ಏಪ್ರಿಲ್‌ನಲ್ಲಿ ಅದನ್ನು ದೇಶದಾದ್ಯಂತ ತೆಗೆದುಹಾಕಿದರು. ಆ ವರ್ಷಗಳ ರಿಜಿಸ್ಟರುಗಳನ್ನು ಯಾವ ಸಂಶೋಧಕರೂ ಕಣ್ಣುಮುಚ್ಚಿ ನಂಬಬಾರದು. ಬರೆಯುವವರ ಹೊಟ್ಟೆಪಾಡು ಒಂದು ಅಂಕಿಗೆ ಕಟ್ಟಿಬಿದ್ದರೆ ಆ ಅಂಕಿ ಊರಿನ ಸ್ಥಿತಿಯನ್ನು ಬಿಟ್ಟು ಬರೆದವರ ಭಯವನ್ನು ಹೇಳುತ್ತದೆ.

ಈಚಿನ ಅಧ್ಯಯನಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕಳೆದ ದಶಕದಲ್ಲಿ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದ ಹೋಪ್ ಪ್ರಯೋಗ. ಖಿನ್ನತೆ ಅಥವಾ ಆತಂಕದ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಎರಡನ್ನೂ ಒಂದೇ ಕಡೆ ನೋಡಿಕೊಂಡರೆ ಹೇಗೆ ಎಂಬುದು ಪ್ರಶ್ನೆ. ಚೀಟಿ ಎತ್ತಿದಂತೆ ಆರಿಸಿ ಎರಡು ಗುಂಪು ಮಾಡಿದ್ದು ರೋಗಿಗಳನ್ನಲ್ಲ, ಆರೋಗ್ಯ ಕೇಂದ್ರಗಳನ್ನು. ಏಕೆ ಹಾಗೆ ಎಂದು ವಿದ್ಯಾರ್ಥಿನಿಯರು ಕೇಳುತ್ತಾರೆ. ಒಂದೇ ಕೇಂದ್ರದ ಒಬ್ಬಳೇ ನರ್ಸಿಗೆ, ಎಡಗಡೆ ಕುಳಿತವರ ಜೊತೆ ಹೊಸದಾಗಿ ಕಲಿತಂತೆ ಮಾತಾಡು, ಬಲಗಡೆ ಕುಳಿತವರ ಜೊತೆ ಹಳೆಯಂತೆ ಇರು ಎಂದರೆ ಆಗುತ್ತದೆಯೇ? ಕಲಿತ ಮೇಲೆ ಮರೆಯಲು ಬರುವುದಿಲ್ಲ. ಜೊತೆಗೆ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತ ನೆರೆಹೊರೆಯವರು ಎಲ್ಲವನ್ನೂ ಮಾತಾಡಿಕೊಳ್ಳುತ್ತಾರೆ. ಅದಕ್ಕೇ ಕೇಂದ್ರವನ್ನೇ ಒಂದು ಘಟಕ ಮಾಡುವುದು. ಪುಸ್ತಕದಲ್ಲಿ ಕಷ್ಟವೆನಿಸುವ ಈ ಸೂತ್ರ ನಮ್ಮ ಕೇಂದ್ರದ ಬೆಂಚು ನೋಡಿದರೆ ಅರ್ಥವಾಗುತ್ತದೆ.

ಹಾಗಾಗಿ ನನ್ನ ಜೊತೆ ಬರುವವರಿಗೆ ಮೊದಲ ದಿನ ಪ್ರಶ್ನಾವಳಿ ಚೀಲದಿಂದ ತೆಗೆಯಲು ಬಿಡುವುದಿಲ್ಲ. ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ ಹಾಕುವ ದಿನಗಳಲ್ಲಿ ಆ ಮನೆಗೆ ಹೋಗಬೇಡಿ, ಯಾರಿಗೂ ಮಾತಾಡಲು ಪುರಸೊತ್ತಿರುವುದಿಲ್ಲ ಎನ್ನುತ್ತೇನೆ. ಸೊಸೆಯನ್ನು ಕೇಳಬೇಕಾದ ಮಾತು ಅತ್ತೆಯ ಎದುರಿಗೆ ಬೇಡ, ಆದರೆ ಅತ್ತೆಗೆ ಮೊದಲು ನಮಸ್ಕಾರ ಹೇಳದೆ ಸೊಸೆ ಸಿಗುವುದೂ ಇಲ್ಲ. ಆಶಾ ಕಾರ್ಯಕರ್ತೆಯನ್ನು ದಾರಿ ತೋರಿಸಲು ಮಾತ್ರ ಕರೆದೊಯ್ಯಬೇಡಿ, ನಿಮ್ಮ ಪ್ರಶ್ನೆಗಳನ್ನು ಮೊದಲು ಅವಳ ಮುಂದೆ ಓದಿ, ಯಾವುದು ಈ ಊರಿನಲ್ಲಿ ನಡೆಯುವುದಿಲ್ಲ ಎಂದು ಅವಳೇ ಹೇಳುತ್ತಾಳೆ. ಪ್ರಬಂಧದ ಮೊದಲ ಪುಟದ ಕೃತಜ್ಞತೆಯಲ್ಲಿ ಪ್ರಾಂಶುಪಾಲರ ಜೊತೆ ಅವಳ ಹೆಸರೂ ಇರಲಿ. ಮತ್ತೆ, ಕೆಲಸ ಮುಗಿದ ಮೇಲೆ ಬಂದು ಸಿಕ್ಕಿದ್ದು ಏನು ಎಂದು ಊರಿಗೆ ಹೇಳಿ ಹೋಗಿ. ಇದನ್ನು ಬಹಳ ಮಂದಿ ಮಾಡುವುದಿಲ್ಲ.

ಒಬ್ಬಳು ಬಂದಳು. ಗರ್ಭಿಣಿಯರ ರಕ್ತಹೀನತೆಯ ಮೇಲೆ ಅವಳ ಅಧ್ಯಯನ. ಅಂಗನವಾಡಿಯ ಮುಂದೆ ಹೆಂಗಸರನ್ನು ಸೇರಿಸಿ, ಕಬ್ಬಿಣದ ಮಾತ್ರೆ ಎಷ್ಟು ಮಂದಿ ನುಂಗುತ್ತಾರೆ, ಎಷ್ಟು ಮಂದಿ ಬಿಡುತ್ತಾರೆ, ಏಕೆ ಬಿಡುತ್ತಾರೆ ಎಂದು ಸರಳವಾಗಿ ಹೇಳಿದಳು. ಎಲ್ಲ ಕೇಳಿದ ಮೇಲೆ ವಯಸ್ಸಾದ ಒಬ್ಬಾಕೆ, ಹತ್ತಿ ಬಿಡಿಸುತ್ತಾ ಕುಳಿತಿದ್ದವಳು, ತಲೆಯೆತ್ತಿ ಕೇಳಿದಳು:

"ನೀನು ಹಗಲೊತ್ತು ಬಂದಿದ್ದೆ ಅಲ್ವೇನವ್ವ? ಮನೇಲಿದ್ದೋರ್ನ ಕೇಳ್ದೆ. ಬೆಳಗ್ಗೆ ಆರಕ್ಕೇ ಬಸ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗೋ ಬಸುರಿ ಹೆಂಗಸ್ರ್ನ ಯಾರ್ ಕೇಳೋರು?"

ಹುಡುಗಿ ಚೀಲ ತೆರೆದು ತನ್ನ ಮನೆಪಟ್ಟಿ ನೋಡಿದಳು. ಬೀಗ ಹಾಕಿದೆ ಎಂದು ಗುರುತು ಮಾಡಿದ್ದ ಮನೆಗಳನ್ನು ಒಂದೊಂದಾಗಿ ಬೇರೆ ಹಾಳೆಗೆ ಇಳಿಸಿಕೊಂಡು, ಮುಂದಿನ ಭಾನುವಾರವೂ ಅದರ ಹಿಂದಿನ ಸಂಜೆಯೂ ನನಗೆ ಬಿಡುವಿದೆಯೇ ಎಂದು ಕೇಳಿದಳು.